ಕ್ರೆಸಿಡಾಕ್ಕೆ 1ಜೆಝಡ್: ಎಂಜಿನ್ ಕೂರಿಸಿದ್ದು ಎರಡು ದಿನ, ಮಿಕ್ಕದ್ದು ಏಳು ತಿಂಗಳು

ಹಳೇ ಕ್ರೆಸಿಡಾ ಕಾರಿಗೆ ಟೊಯೊಟಾದ್ದೇ ಇನ್ನೊಂದು ಎಂಜಿನ್, 1ಜೆಝಡ್, ಹಾಕಲು ಆರು ವಾರ ಸಾಕು ಎಂದು ಲೆಕ್ಕ ಹಾಕಿದ್ದ ಕೆಲಸ ಏಳು ತಿಂಗಳು ಹಿಡಿಯಿತು. ಮೊನ್ನೆ ತಪಾಸಣೆ ಮುಗಿದು, ನೋಂದಣಿ ಪತ್ರದಲ್ಲಿ ಹೊಸ ಎಂಜಿನ್ ನಂಬರು ಬಂತು. ಬರೆದಿಟ್ಟ ಟಿಪ್ಪಣಿ ತಿರುವಿ ಹಾಕಿದರೆ, ಹಳೇ ಎಂಜಿನ್ ಇಳಿಸಿ ಹೊಸದನ್ನು ಕೂರಿಸಲು ಹಿಡಿದದ್ದು ಬರೀ ಎರಡು ದಿನ. ಉಳಿದ ಕಾಲವೆಲ್ಲ ವಯರಿಂಗ್, ಹೋಸು, ಎ.ಸಿ. ಪೈಪು, ಅರ್ತಿಂಗ್, ಕಾಗದಪತ್ರ ಅಂತ ಹೋಯಿತು. ಆದ್ದರಿಂದ ಇಲ್ಲಿ ಆ ಎರಡು ದಿನದ ಸುದ್ದಿ ಕಡಿಮೆ, ಮಿಕ್ಕದ್ದರ ಸುದ್ದಿ ಜಾಸ್ತಿ.

ಗಾಡಿ ಟೊಯೊಟಾ ಕ್ರೆಸಿಡಾ, ಎಂಎಕ್ಸ್83. ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಸೋಫಾದಂಥ ಸೀಟು. ಬಾನೆಟ್ಟಿನ ಕೆಳಗೆ 2954 ಸಿಸಿಯ 7ಎಂ-ಜಿಇ, ಸಾಲಾಗಿ ಆರು ಸಿಲಿಂಡರ್, ಸುಮಾರು 190 ಅಶ್ವಶಕ್ತಿ, ಜೊತೆಗೆ ಎ340ಇ ಎಂಬ ನಾಲ್ಕು ಗೇರಿನ ಆಟೋಮ್ಯಾಟಿಕ್. ಓಡುವುದು ನಯವಾಗಿಯೇ, ಆದರೆ ಓವರ್‌ಟೇಕ್ ಮಾಡಲು ಕಾಲಿಟ್ಟರೆ ಸದ್ದು ಬರುತ್ತದೆ, ವೇಗ ನಿಧಾನಕ್ಕೆ ಬರುತ್ತದೆ. 7ಎಂ ಕುಟುಂಬಕ್ಕೆ ಹೆಡ್ ಗ್ಯಾಸ್ಕೆಟ್ ಹೋಗುವ ಹಳೇ ಕಾಯಿಲೆ ಬೇರೆ. ಅದನ್ನೇ ಬಿಚ್ಚಿ ಸರಿಮಾಡಿ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ) ಹಾಕುವ ಬದಲು ಎಂಜಿನ್ನನ್ನೇ ಬದಲಿಸುವುದು ವಾಸಿ ಅನ್ನಿಸಿತು.

1ಜೆಝಡ್-ಜಿಟಿಇ ಆರಿಸಿದ್ದಕ್ಕೆ ಹೆಸರಿನ ಮೋಹ ಕಾರಣವಲ್ಲ. ಜಪಾನಿನಲ್ಲಿ ಇದೇ ಮೈಕಟ್ಟಿನ ಮಾರ್ಕ್ 2, ಚೇಸರ್, ಕ್ರೆಸ್ಟಾ ಕಾರುಗಳಿಗೆ 1990ರಲ್ಲಿ ಕಂಪನಿಯೇ ಈ ಎಂಜಿನ್ ಕೊಟ್ಟಿತು. ಆ ಕಾರುಗಳ ಸಂಕೇತ ಜೆಝಡ್‌ಎಕ್ಸ್81. ಅಂದರೆ ಎಂಜಿನ್ ಹಿಡಿದಿಡುವ ಮೌಂಟಿನ ಜಾಗ, ಟರ್ಬೊ ಮತ್ತು ಸ್ಟೀರಿಂಗ್ ಶಾಫ್ಟ್ ನಡುವಿನ ಅಂತರ, ಎ340ಇ ಕೂರುವ ರೀತಿ, ಇವೆಲ್ಲ ಕಾರ್ಖಾನೆಯಲ್ಲೇ ತೀರ್ಮಾನವಾಗಿವೆ. 1989ರಿಂದ ಬಂದ 1ಯುಝಡ್-ಎಫ್‌ಇ ವಿ8 ಇನ್ನೂ ನಯ, ಒಪ್ಪುತ್ತೇನೆ. ಆದರೆ ಅದಕ್ಕೆ ಮೌಂಟು, ಎಕ್ಸಾಸ್ಟು ಎಲ್ಲವನ್ನೂ ಕೈಯಾರೆ ಮಾಡಬೇಕು. ದಿನಾ ಓಡಿಸುವ ಗಾಡಿಯಲ್ಲಿ ಕೈಯಾರೆ ಮಾಡಿದ ಒಂದೊಂದು ತುಂಡೂ ಮುಂದೆಂದೋ ದಾರಿಯಲ್ಲಿ ನಿಲ್ಲಿಸುವ ಒಂದೊಂದು ಕಾರಣ.

ಕೊಳ್ಳುವ ಮೊದಲೇ ಒಂದು ಸತ್ಯ ತಿಳಿದಿರಲಿ. 1ಜೆಝಡ್-ಜಿಟಿಇ 2492 ಸಿಸಿ, ಬೋರ್ 86, ಸ್ಟ್ರೋಕ್ 71.5 ಮಿ.ಮೀ. ಮೊದಲ ತಲೆಮಾರಿನದಕ್ಕೆ ಎರಡು ಸಣ್ಣ ಸಿಟಿ12ಎ ಟರ್ಬೊ, ಕಂಪ್ರೆಷನ್ 8.5:1, ಕಾಗದದ ಮೇಲೆ 6200 ಆರ್‌ಪಿಎಂಗೆ 280 ಪಿಎಸ್ (ಅಶ್ವಶಕ್ತಿ), 4800ಕ್ಕೆ 363 ನ್ಯೂಟನ್-ಮೀಟರ್. 7ಎಂನ ಸ್ಟ್ರೋಕ್ 91 ಮಿ.ಮೀ. ಹಾಗಾಗಿ ಟರ್ಬೊ ಎದ್ದೇಳುವ ತನಕ, ಅಂದರೆ ಸುಮಾರು 3000 ಆರ್‌ಪಿಎಂ ಕೆಳಗೆ, ಹೊಸ ಎಂಜಿನ್ ಹಳೆಯದಕ್ಕಿಂತ ಸೋಮಾರಿ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುವವರಿಗೆ ಇದು ನಿರಾಸೆಯೇ. 1996ರ ನಂತರದ ವಿವಿಟಿ-ಐ (ವಾಲ್ವ್ ತೆರೆಯುವ ಸಮಯ ಬದಲಿಸುವ) ಮಾದರಿಯಲ್ಲಿ ಒಂದೇ ಟರ್ಬೊ, 2400 ಆರ್‌ಪಿಎಂಗೇ ಪೂರ್ತಿ ಟಾರ್ಕ್, ಅಂದರೆ ತಿರುಗುಬಲ. ನಿತ್ಯದ ಬಳಕೆಗೆ ಅದೇ ಉತ್ತಮ. ಆದರೆ ಅದು ಜೆಝಡ್‌ಎಕ್ಸ್81ಕ್ಕೆ ಬಂದದ್ದಲ್ಲ, ವಯರಿಂಗ್ ಮತ್ತು ಜೋಡಣೆಯ ಕೆಲಸ ಹೆಚ್ಚು. ಸುಲಭದ ಜೋಡಣೆಗೋಸ್ಕರ ಹಳೆಯದನ್ನೇ ಒಪ್ಪಿಕೊಂಡದ್ದಾಯಿತು.

ಸ್ಪ್ಯಾನರ್ ಮುಟ್ಟುವ ಮೊದಲು ಕಾಗದ. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಸಿಸಿ, ಇಂಧನ ದಾಖಲಾಗುವ ಕಡೆಯಲ್ಲೆಲ್ಲ ಬೇರೆ ಮಾದರಿಯ ಎಂಜಿನ್ನಿಗೆ ಮುಂಚಿತ ಒಪ್ಪಿಗೆ ಬೇಕಾಗಬಹುದು, ಕೆಲವು ಕಡೆ ಒಪ್ಪಿಗೆ ಸಿಗುವುದೇ ಇಲ್ಲ. ಹೊಗೆ ನಿಯಮ ಬಿಗಿಯಿರುವಲ್ಲಿ ಎಂಜಿನ್ ಕಾರಿಗಿಂತ ಹಳೆಯದಿರಬಾರದು, ಅದರ ಜೊತೆ ಬಂದ ಕ್ಯಾಟಲಿಟಿಕ್ ಕನ್ವರ್ಟರು, ಆಕ್ಸಿಜನ್ ಸೆನ್ಸರು, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ ಎಲ್ಲವೂ ಇರಬೇಕು ಎಂಬ ಷರತ್ತಿರುತ್ತದೆ. ಕೌಂಟರಿನಲ್ಲಿ ಯಾರೋ "ಆಗುತ್ತೆ" ಅಂದದ್ದನ್ನು ನಂಬಿ ದುಡ್ಡು ಸುರಿಯಬೇಡಿ, ಬರಹದಲ್ಲಿ ತೆಗೆದುಕೊಳ್ಳಿ. ಈ ಒಂದು ಪತ್ರಕ್ಕೇ ಐದು ವಾರ ಕಾದದ್ದಾಯಿತು, ಮೊದಲ ಅರ್ಜಿ ವಾಪಸ್ಸು ಬಂತು. ಎಂಜಿನ್ ತೂಕ ಮತ್ತು ಮುಂದಿನ ಆಕ್ಸಲ್ ಮೇಲಿನ ಭಾರ ಬರೆದಿರಲಿಲ್ಲ ಅನ್ನುವುದು ಕಾರಣ. ವಿಮೆಯವರಿಗೂ ಆಗಲೇ ತಿಳಿಸಿ. ಶಕ್ತಿ ಹೆಚ್ಚಿದ್ದನ್ನು ಮುಚ್ಚಿಟ್ಟರೆ ಅಪಘಾತದ ದಿನ ಕೈ ಎತ್ತಿಬಿಡುತ್ತಾರೆ.

ಇನ್ನು ಎಂಜಿನ್ ಕೊಳ್ಳುವುದು. ಬರೀ ಎಂಜಿನ್ ಅಗ್ಗಕ್ಕೆ ಸಿಗುತ್ತದೆ. ಬೇಡ. ಹಾಫ್ ಕಟ್ ತೆಗೆದುಕೊಳ್ಳಿ, ಅಂದರೆ ಕಾರಿನ ಮುಂಭಾಗ ಇಡಿಯಾಗಿ. ಎಂಜಿನ್, ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್, ಕತ್ತರಿಸದ ವಯರಿಂಗ್ ಲೂಮ್ (ವಯರುಗಳ ಕಟ್ಟು), ಇಸಿಯು (ಎಂಜಿನ್ ಆಳುವ ಕಂಪ್ಯೂಟರ್), ಕಿಡಿ ಹಾರಿಸುವ ಇಗ್ನೈಟರ್, ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ರಿಲೇ ಪೆಟ್ಟಿಗೆ, ಇಂಟರ್‌ಕೂಲರ್ ಮತ್ತು ಅದರ ಪೈಪು, ಎ.ಸಿ. ಕಂಪ್ರೆಸರ್, ಪವರ್ ಸ್ಟೀರಿಂಗ್ ಪಂಪು, ಎಂಜಿನ್ ಬ್ರಾಕೆಟ್, ಆ್ಯಕ್ಸಿಲರೇಟರ್ ಕೇಬಲ್ ಎಲ್ಲ ಅದರಲ್ಲೇ ಬರುತ್ತವೆ. ಬಿಡಿಬಿಡಿಯಾಗಿ ಹುಡುಕಿದರೆ ಇವುಗಳ ಮೊತ್ತ ಎಂಜಿನ್ ಬೆಲೆಯನ್ನು ಮೀರುತ್ತದೆ, ಕಾಯುವ ವಾರಗಳ ಲೆಕ್ಕ ಬೇರೆ. ಒಂದು ಬ್ರಾಕೆಟ್ಟಿಗೆ ಮೂರು ವಾರ ಕಾಯುವಾಗ ಗಾಡಿ ಜಾಕ್ ಮೇಲೆಯೇ ಇರುತ್ತದೆ ಅನ್ನುವುದು ನೆನಪಿರಲಿ. ಲೂಮನ್ನು ಬಲ್ಕ್‌ಹೆಡ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಹತ್ತಿರ ಕಚಕ್ಕನೆ ಕತ್ತರಿಸಿದ ಹಾಫ್ ಕಟ್ ಮಾರುವವರಿದ್ದಾರೆ. ಇಸಿಯು ಪ್ಲಗ್ಗಿನವರೆಗೂ ವಯರು ಇಡಿಯಾಗಿದೆಯಾ ಅಂತ ಫೋಟೋ ತರಿಸಿಕೊಳ್ಳಿ. ಇಸಿಯು ಆಟೋಮ್ಯಾಟಿಕ್‌ನದೋ ಮ್ಯಾನ್ಯುವಲ್‌ನದೋ ಅಂತಲೂ ಕೇಳಿ. ಆಟೋಮ್ಯಾಟಿಕ್ ಕಾರಿನಲ್ಲಿ ಅದೇ ಪೆಟ್ಟಿಗೆ ಗೇರ್‌ಬಾಕ್ಸನ್ನೂ ಆಳುತ್ತದೆ.

ಮಾರಾಟದ ರಸೀದಿ, ಆಮದಿನ ಕಾಗದ, ಮೂಲ ಕಾರಿನ ಚಾಸಿ ನಂಬರು, ಬ್ಲಾಕಿನ ಮೇಲೆ ಅಚ್ಚಾದ ಎಂಜಿನ್ ನಂಬರಿನ ಫೋಟೋ, ಈ ನಾಲ್ಕೂ ಕೈಗೆ ಬಾರದೆ ಹಣ ಕೊಡಬೇಡಿ. ತಪಾಸಣೆಯ ದಿನ ಅಧಿಕಾರಿ ನೋಡುವುದು ಹಾರ್ಸ್‌ಪವರನ್ನಲ್ಲ, ಆ ನಂಬರನ್ನು.

ಹಡಗು, ಬಂದರು, ಲಾರಿ ಎಲ್ಲ ಸೇರಿ ಒಂಬತ್ತು ವಾರ. ಆ ಸಮಯದಲ್ಲಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಎರಡೂ ಕಾರುಗಳ ವಯರಿಂಗ್ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು, ಪ್ಲಗ್ಗಿನಿಂದ ಪ್ಲಗ್ಗಿಗೆ ಒಂದು ಪಟ್ಟಿ ತಯಾರಿಸುವುದು. ಈ ಪಟ್ಟಿ ಆಮೇಲೆ ಹೇಗೆ ಕಾಪಾಡಿತು ಅನ್ನುವುದು ಮುಂದೆ ಬರುತ್ತದೆ.

ಎಂಜಿನ್ ಬಂದ ದಿನ ಮೊದಲು ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದು, ತುಂಬಿದ ಬ್ಯಾಟರಿಯಿಂದ ಕ್ರ್ಯಾಂಕ್ ಮಾಡಬೇಕು, ಅಂದರೆ ಸ್ಟಾರ್ಟರಿನಿಂದ ತಿರುಗಿಸಬೇಕು. ಥ್ರಾಟಲ್ ಮುಚ್ಚಿದ್ದರೆ ಎಲ್ಲ ಅಂಕಿಯೂ ಕಡಿಮೆ ಬಂದು ಸುಮ್ಮನೆ ಗಾಬರಿ. ಇಲ್ಲಿ ಮೊತ್ತಕ್ಕಿಂತ ವ್ಯತ್ಯಾಸ ಮುಖ್ಯ: ಸಿಲಿಂಡರಿನಿಂದ ಸಿಲಿಂಡರಿಗೆ 1 ಬಾರ್‌ಗಿಂತ ಹೆಚ್ಚು ಅಂತರ ಇರಬಾರದು. ಒಂದು ಸಿಲಿಂಡರು ಕಡಿಮೆ ತೋರಿಸಿದರೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಅಡ್ಡಕ್ಕೆ ತುಸು ಆಟ ಸಹಜ, ಉದ್ದಕ್ಕೆ ಆಟವಿದ್ದರೆ ಥ್ರಸ್ಟ್ ಬೇರಿಂಗ್ ಮುಗಿದಿದೆ. ಸಿಟಿ12ಎ ಟರ್ಬೊದ ಬಿಸಿ ಬದಿಯ ಚಕ್ರ ಸೆರಾಮಿಕ್. ಬೂಸ್ಟ್ (ಟರ್ಬೊ ಒತ್ತಡ) ಏರಿಸಿ ಓಡಿಸಿದ್ದ ಎಂಜಿನ್ನಿನಲ್ಲಿ ಅದು ಒಡೆದು ಎಕ್ಸಾಸ್ಟ್ ದಾರಿ ಹಿಡಿದಿರಬಹುದು. ಟರ್ಬೊ ಹಿಂದಿನ ಡೌನ್‌ಪೈಪ್ ಬಿಚ್ಚಿ ಟಾರ್ಚ್ ಹಾಕಿ ನೋಡಲು ಹತ್ತು ನಿಮಿಷ ಸಾಕು.

ಎಂಜಿನ್ ಸ್ಟ್ಯಾಂಡ್ ಮೇಲಿರುವಾಗಲೇ ಬದಲಾಯಿಸಿದ್ದು: ಟೈಮಿಂಗ್ ಬೆಲ್ಟ್, ಹೈಡ್ರಾಲಿಕ್ ಟೆನ್ಷನರ್, ಐಡ್ಲರ್, ನೀರಿನ ಪಂಪು, ಥರ್ಮೋಸ್ಟಾಟ್, ಕ್ರ್ಯಾಂಕಿನ ಹಿಂದು ಮುಂದಿನ ಎರಡೂ ಸೀಲು, ಕ್ಯಾಮ್ ಸೀಲು, ವಾಲ್ವ್ ಕವರ್ ಗ್ಯಾಸ್ಕೆಟ್, ಟರ್ಬೊಗಳಿಗೆ ಹೋಗುವ ಎಲ್ಲ ರಬ್ಬರ್ ಹೋಸು. ಗಾಡಿಯೊಳಗೆ ಕೂತ ಮೇಲೆ ಹಿಂದಿನ ಸೀಲು ಸೋರಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು, ಅದನ್ನು ಬಿಡಲೇಬಾರದು. ಕ್ರ್ಯಾಂಕ್ ಪುಲಿಯ ಬೋಲ್ಟ್ 300 ನ್ಯೂಟನ್-ಮೀಟರ್ ಮೀರಿ ಬಿಗಿಯಿರುತ್ತದೆ. ಸ್ಟಾರ್ಟರ್ ಮೋಟರಿನಿಂದ ಸಡಿಲಿಸುವ ಉಪಾಯ ಸ್ಟ್ಯಾಂಡ್ ಮೇಲೆ ನಡೆಯುವುದಿಲ್ಲ, ಪುಲಿ ಹಿಡಿಯುವ ಸಲಕರಣೆ ಬೇಕು. ಕಾಯಿಲ್‌ಗಳ ಪ್ಲಾಸ್ಟಿಕ್ ಪ್ಲಗ್ಗುಗಳು ಬಿಸಿಗೆ ಬೆಂದು ಬಿಸ್ಕತ್ತಿನಂತೆ ಮುರಿಯುತ್ತವೆ, ಆರನ್ನೂ ಮೊದಲೇ ತರಿಸಿಟ್ಟುಕೊಳ್ಳಿ. ಈ ಬಿಡಿಭಾಗಗಳ ಖರ್ಚು ಹಾಫ್ ಕಟ್ಟಿನ ಬೆಲೆಯ ಹತ್ತಿರ ಹತ್ತಿರ ಅರ್ಧದಷ್ಟಾಯಿತು. ಎಲ್ಲ ಮುಗಿದ ಮೇಲೆ ನೋಡಿದರೆ ಹಾಫ್ ಕಟ್ಟು ಒಟ್ಟು ಖರ್ಚಿನ ಮೂರರಲ್ಲಿ ಒಂದು ಪಾಲು ಮಾತ್ರ. ಹಾಫ್ ಕಟ್ಟಿನ ಬೆಲೆಯನ್ನು ಮೂರರಿಂದ ಗುಣಿಸಿ ಬಂದ ಮೊತ್ತ ಕೈಯಲ್ಲಿಲ್ಲದಿದ್ದರೆ ಶುರು ಮಾಡಬೇಡಿ.

ಆ ಎರಡು ದಿನ. ಹಳೇ ಎ.ಸಿ. ಗ್ಯಾಸನ್ನು ಯಂತ್ರದಿಂದ ಹೊರತೆಗೆಸಿ, ಪೆಟ್ರೋಲ್ ಒತ್ತಡ ಇಳಿಸಿ, ಬ್ಯಾಟರಿ ಕಳಚಿ, ಬಾನೆಟ್ ತೆಗೆದು, ಎಂಜಿನ್ನು ಗೇರ್‌ಬಾಕ್ಸು ಒಟ್ಟಿಗೇ ಎತ್ತಿದ್ದಾಯಿತು. ಜೆಝಡ್‌ಎಕ್ಸ್81ರ ಬ್ರಾಕೆಟ್ಟುಗಳು ಕ್ರೆಸಿಡಾದ ಕ್ರಾಸ್‌ಮೆಂಬರಿಗೆ (ಎಂಜಿನ್ ಹೊರುವ ಅಡ್ಡ ಚೌಕಟ್ಟಿಗೆ) ಹಾಗೇ ಕೂತವು. ಸುಪ್ರಾದಿಂದಲೋ ಸೋರರ್‌ನಿಂದಲೋ ಬಂದ 1ಜೆಝಡ್ ಆಗಿದ್ದರೆ ಎಣ್ಣೆ ಸಂಪಿನ ಆಕಾರ ಬೇರೆ, ಕ್ರಾಸ್‌ಮೆಂಬರಿಗೆ ತಾಗಬಹುದು, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಮೌಂಟುಗಳಿಗೆ ಹೊಸ ರಬ್ಬರ್ ಹಾಕಿ. ಪಾಲಿಯುರೆಥೇನ್ ಹಾಕಿದರೆ ಸ್ಟೀರಿಂಗಿನಲ್ಲಿ ಕೈ ಜುಮ್ಮೆನ್ನುತ್ತದೆ, ಇಂಥ ಗಾಡಿ ಇಟ್ಟುಕೊಂಡ ಉದ್ದೇಶವೇ ಹಾಳು.

ಗೇರ್‌ಬಾಕ್ಸ್ ಹೆಸರು ಎರಡರಲ್ಲೂ ಎ340ಇ. ಹಾಗಂತ 7ಎಂ ಹಿಂದಿದ್ದದ್ದನ್ನೇ ಉಳಿಸಿಕೊಳ್ಳಲು ಆಗದು, ಎಂಜಿನ್ನಿಗೆ ಸೇರುವ ಬೆಲ್‌ಹೌಸಿಂಗ್ ಬೋಲ್ಟುಗಳ ಜಾಗ ಬೇರೆ. ಹಾಫ್ ಕಟ್ಟಿನದನ್ನೇ ಬಳಸಿ. ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸಿಗೆ ಮೊದಲು ಪೂರ್ತಿ ಕೂರಿಸಿ ಆಮೇಲೆ ಎಂಜಿನ್ನಿಗೆ ಸೇರಿಸಬೇಕು. ತಿರುಗಿಸುತ್ತಾ ತಳ್ಳಿದರೆ ಹಂತಹಂತವಾಗಿ ಒಳಗೆ ಬೀಳುವುದು ಕೈಗೆ ಗೊತ್ತಾಗುತ್ತದೆ. ಕೊನೆಯ ಹಂತ ಬೀಳದೆ ಬೋಲ್ಟಿನಿಂದ ಎಳೆದು ಸೇರಿಸಿದರೆ ಎಣ್ಣೆ ಪಂಪು ಒಡೆಯುತ್ತದೆ, ಗೊತ್ತಾಗುವುದು ಮಾತ್ರ ಸ್ಟಾರ್ಟ್ ಆದ ಮೇಲೆ. ಪ್ರೊಪೆಲ್ಲರ್ ಶಾಫ್ಟ್ ಜೋಡಿಸಿ, ಅದರ ಜಾರುವ ತುದಿ, ಅಂದರೆ ಸ್ಲಿಪ್ ಯೋಕ್, ಹಿಂದಕ್ಕೂ ಮುಂದಕ್ಕೂ ಆಡಲು 20 ಮಿ.ಮೀ.ನಷ್ಟು ಜಾಗ ಉಳಿದಿದೆಯಾ ನೋಡಿ. ಗೇರ್‌ಬಾಕ್ಸಿನ ಕೋನಕ್ಕೂ ಡಿಫರೆನ್ಷಿಯಲ್ಲಿನ ಕೋನಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೇಗ ಏರಿದಾಗ ನೆಲ ನಡುಗುತ್ತದೆ. ಹಿಂದಿನ ಮೌಂಟಿನ ಕೆಳಗೆ ವಾಷರ್ ಇಟ್ಟು ಸರಿಮಾಡಬಹುದು.

ಎ340ಇ ಬಗ್ಗೆ ಒಂದು ಎಚ್ಚರಿಕೆ. ಥ್ರಾಟಲ್ಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಬರೀ ಕಿಕ್‌ಡೌನಿಗೆ (ಕಾಲು ಒತ್ತಿದಾಗ ಗೇರ್ ಇಳಿಯುವುದಕ್ಕೆ) ಅಂತ ತುಂಬ ಜನ ತಿಳಿದಿದ್ದಾರೆ. ಒಳಗಿನ ಎಣ್ಣೆ ಒತ್ತಡವನ್ನು ತೀರ್ಮಾನಿಸುವುದೇ ಅದು. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ ಮೇಲಿನ ಸ್ಟಾಪರ್‌ಗೂ ಹೊರಕವಚದ ತುದಿಗೂ ನಡುವೆ 0ಯಿಂದ 1 ಮಿ.ಮೀ. ಅಂತರ ಇರಬೇಕು. ಸಡಿಲ ಬಿಟ್ಟರೆ ಒತ್ತಡ ಸಾಲದೆ, ಟರ್ಬೊ ಟಾರ್ಕಿಗೆ ಕ್ಲಚ್ ಪ್ಲೇಟುಗಳು ಜಾರಿ, ಸ್ವಲ್ಪ ಕಾಲದಲ್ಲೇ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ. ರೇಡಿಯೇಟರಿನ ಒಳಗಿನ ಕೂಲರಿನ ಜೊತೆಗೆ ಹೊರಗೊಂದು ಎಣ್ಣೆ ಕೂಲರ್ ಹಾಕುವುದು ಒಳ್ಳೆಯದು.

ವಯರಿಂಗು ಐದು ವಾರ ತಿಂದಿತು. ಎರಡು ದಾರಿಗಳಿವೆ: ಹೊಸ ಎಂಜಿನ್ ಲೂಮನ್ನು ಕ್ರೆಸಿಡಾದ ಪ್ಲಗ್ಗುಗಳಿಗೆ ಹೊಂದಿಸುವುದು, ಇಲ್ಲವೇ ಹೊಸ ಕಂಪ್ಯೂಟರ್ ಹಾಕಿ ಮೊದಲಿನಿಂದ ಲೂಮ್ ಕಟ್ಟುವುದು. ಮೂಲ ಇಸಿಯು ಇದ್ದರೆ ಚಳಿಯಲ್ಲಿ ಸ್ಟಾರ್ಟು, ಎ.ಸಿ. ಹಾಕಿದಾಗಿನ ಐಡಲು (ನಿಂತಲ್ಲೇ ಓಡುವ ವೇಗ), ಗೇರ್ ಬದಲಾವಣೆ ಎಲ್ಲ ಕಾರ್ಖಾನೆಯ ಹದದಲ್ಲೇ ಸಿಗುತ್ತವೆ. ಆಟೋಮ್ಯಾಟಿಕ್ ಉಳಿಸಿಕೊಳ್ಳುವವರು ಬೇರೆ ಯೋಚನೆ ಮಾಡಬೇಡಿ.

ಇಸಿಯುಗೆ ಗಾಡಿಯಿಂದ ಬೇಕಾದದ್ದು ನಿಜವಾಗಿ ಹದಿನೈದಿಪ್ಪತ್ತು ವಯರು ಮಾತ್ರ. ಸದಾ ಬರುವ 12 ವೋಲ್ಟು, ಕೀ ಹಾಕಿದಾಗ ಬರುವುದು, ಸ್ಟಾರ್ಟರ್ ಸಂಕೇತ, ಪೆಟ್ರೋಲ್ ಪಂಪಿನ ರಿಲೇ, ಚೆಕ್ ಲೈಟು, ಆರ್‌ಪಿಎಂ ಮೀಟರು, ವೇಗದ ಸಂಕೇತ, ಎ.ಸಿ., ಬ್ರೇಕ್ ಲೈಟು, ಪಾರ್ಕ್-ನ್ಯೂಟ್ರಲ್ ಸ್ವಿಚ್ಚು, ಅರ್ತು. ಕಷ್ಟವಿರುವುದು ಎಣಿಕೆಯಲ್ಲಲ್ಲ, ಒಂದೊಂದರ ಸ್ವಭಾವದಲ್ಲಿ. ಉದಾಹರಣೆಗೆ ಮುಖ್ಯ ಇಎಫ್‌ಐ (ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಯ) ರಿಲೇಯನ್ನು ಕೀಯಿಂದ ನೇರ ಎಳೆದರೂ ಎಂಜಿನ್ ಓಡುತ್ತದೆ. ಆದರೆ ಐಡಲ್ ನೋಡಿಕೊಳ್ಳುವ ಸ್ಟೆಪ್ಪರ್ ಮೋಟರು, ಕೀ ತೆಗೆದ ಮೇಲೆ ಒಂದೆರಡು ಸೆಕೆಂಡು ಕರೆಂಟು ಉಳಿದರಷ್ಟೇ ಮುಂದಿನ ಸ್ಟಾರ್ಟಿಗೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಆ ರಿಲೇಯನ್ನು ಇಸಿಯುವಿನ ಎಂ-ಆರ್‌ಇಎಲ್ ತುದಿಯೇ ಆಳಬೇಕು. ನೇರ ಎಳೆದವರು ಆಮೇಲೆ "ಐಡಲ್ ಒಂದೊಂದು ಸಲ ಒಂದೊಂದು ಥರ" ಅಂತ ಸೆನ್ಸರುಗಳನ್ನು ಬದಲಿಸುತ್ತಾ ಕೂರುತ್ತಾರೆ.

ವೇಗದ ಸಂಕೇತವನ್ನೂ ಬಿಡುವಂತಿಲ್ಲ. ಅದಿಲ್ಲದಿದ್ದರೆ ಗೇರ್ ಬದಲಾವಣೆ ಎಡವುತ್ತದೆ, ಇಸಿಯು ಕೋಡ್ 42 ಎಂಬ ದೋಷಸಂಖ್ಯೆ ತೋರಿಸುತ್ತದೆ. ಇನ್ನು ಆರ್‌ಪಿಎಂ ಮೀಟರು. ಹಳೇ ಮೀಟರುಗಳು ಕೆಲವು ಕಾಯಿಲ್‌ನ ಜೋರು ಸಂಕೇತಕ್ಕೆ ಮಾಡಿದವು, 1ಜೆಝಡ್ ಇಗ್ನೈಟರ್ ಕೊಡುವ ಸಣ್ಣ ಸಂಕೇತಕ್ಕೆ ಮುಳ್ಳು ಅಲ್ಲಾಡದಿದ್ದರೆ ನಡುವೆ ಒಂದು ಅಡಾಪ್ಟರ್ ಬೇಕಾಗುತ್ತದೆ.

ಜೋಡಣೆಗಳನ್ನು ತಿರುಚಿ ಟೇಪು ಸುತ್ತಬೇಡಿ. ಒಳ್ಳೆಯ ಕ್ರಿಂಪು, ಅದರ ಮೇಲೆ ಅಂಟಿರುವ ಹೀಟ್‌ಶ್ರಿಂಕು. ಮೂಲ ಬಣ್ಣದ ವಯರನ್ನೇ ಮುಂದುವರಿಸಿದರೆ ಆರು ವರ್ಷದ ನಂತರವೂ ನಕ್ಷೆ ನೋಡಿ ದೋಷ ಹುಡುಕಬಹುದು. ಅರ್ತು ನಾಲ್ಕು ಕಡೆ ಹಾಕಿದ್ದೇವೆ: ಬ್ಯಾಟರಿಯಿಂದ ಬ್ಲಾಕಿಗೆ, ಬ್ಯಾಟರಿಯಿಂದ ಬಾಡಿಗೆ, ಹೆಡ್ಡಿನಿಂದ ಬಲ್ಕ್‌ಹೆಡ್ಡಿಗೆ, ಲೂಮಿನ ಅರ್ತು ಇನ್‌ಟೇಕ್ ಮ್ಯಾನಿಫೋಲ್ಡಿಗೆ. ಕ್ರ್ಯಾಂಕ್ ಮಾಡುವಾಗ ಬ್ಲಾಕಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮಲ್ಟಿಮೀಟರ್ ಇಟ್ಟರೆ 0.2 ವೋಲ್ಟ್ ಮೀರಬಾರದು.

ಪೆಟ್ರೋಲಿನ ಲೆಕ್ಕ ಸುಲಭ. ಟರ್ಬೊ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕೆ.ಜಿ. ಪೆಟ್ರೋಲ್ ಕೇಳುತ್ತದೆ. 280ಕ್ಕೆ 76 ಕೆ.ಜಿ., ಅಂದರೆ ಗಂಟೆಗೆ ಸುಮಾರು 100 ಲೀಟರ್. ಅದೂ ಬೂಸ್ಟ್ ಜೊತೆಗೆ ಏರುವ ಒತ್ತಡದಲ್ಲಿ. 190 ಅಶ್ವಶಕ್ತಿಗೆ ಮಾಡಿದ, ಮೂವತ್ತು ವರ್ಷ ದಾಟಿದ ಪಂಪು ಇದನ್ನು ತಾಳುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಚೆನ್ನಾಗಿರುತ್ತದೆ, ಪೂರ್ತಿ ಬೂಸ್ಟ್‌ನಲ್ಲಿ ಪೆಟ್ರೋಲ್ ಸಾಲದೆ ಪಿಸ್ಟನ್ ಕರಗುತ್ತದೆ. ಗಂಟೆಗೆ 255 ಲೀಟರಿನ ಪಂಪು ಟ್ಯಾಂಕಿನೊಳಗೆ ಹಾಕಿ, ಅದಕ್ಕೆ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸು, ರಿಲೇ, ದಪ್ಪ ವಯರು ಎಳೆದದ್ದಾಯಿತು. ಹಳೇ ವಯರಿನಲ್ಲಿ ಪಂಪಿನ ಹತ್ತಿರ 11.4 ವೋಲ್ಟು ಬರುತ್ತಿತ್ತು, ಈಗ 13.4. ಪಂಪು ಅದೇ, ಹರಿವು ಜಾಸ್ತಿ.

ಎ.ಸಿ. ಇಲ್ಲದ ಆರಾಮದ ಕಾರು ಅನ್ನುವುದೇನೂ ಇಲ್ಲ, ಆದರೂ ಎಂಜಿನ್ ಬದಲಿಸಿದವರಲ್ಲಿ ಎಷ್ಟೋ ಜನ "ಆಮೇಲೆ ನೋಡೋಣ" ಅಂತ ಬಿಟ್ಟು, ಹಾಗೇ ಉಳಿದುಬಿಡುತ್ತದೆ. ಈ ಕಾಲದ ಕಾರುಗಳದ್ದು ಆರ್-12 ಗ್ಯಾಸು. ಆರ್-134ಎ ಗೆ ಬದಲಿಸುವಾಗ ಎಲ್ಲ ಓ-ರಿಂಗು, ರಿಸೀವರ್ ಡ್ರೈಯರ್, ಕಂಪ್ರೆಸರ್ ಎಣ್ಣೆ ಹೊಸದು ಬೇಕು, ಗ್ಯಾಸಿನ ತೂಕ ಹಳೆಯದರ 80ರಿಂದ 90 ಶೇಕಡಾ ಸಾಕು. ಕಂಪ್ರೆಸರ್ 1ಜೆಝಡ್‌ನದು, ಕಂಡೆನ್ಸರ್ ಕ್ರೆಸಿಡಾದ್ದು, ನಡುವಿನ ಎರಡು ಹೋಸನ್ನು ಎರಡರ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಬೇಕಾಯಿತು. ಮಾಡಿಸುವ ಮೊದಲು ಹೋಸನ್ನು ಜಾಗದಲ್ಲೇ ಹಿಡಿದು, ತುದಿಗಳು ಯಾವ ದಿಕ್ಕಿಗೆ ತಿರುಗಿರಬೇಕು ಅಂತ ಬಿಳಿ ಗೆರೆ ಎಳೆದುಕೊಳ್ಳಿ. ಗೆರೆ ಇಲ್ಲದೆ ಕೊಟ್ಟ ಮೊದಲ ಹೋಸು 90 ಡಿಗ್ರಿ ತಿರುಗಿ ಬಂತು, ಅದು ದಂಡ.

ಮೊದಲ ಸ್ಟಾರ್ಟಿನ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಕ್ರಮ ಮಾತ್ರ ತಣ್ಣಗೆ ನಡೆಯಬೇಕು. ಪ್ಲಗ್ ಬಿಚ್ಚಿ, ಇಎಫ್‌ಐ ಫ್ಯೂಸ್ ತೆಗೆದು, ಎಣ್ಣೆ ಲೈಟು ಆರುವ ತನಕ ಹತ್ತು ಹತ್ತು ಸೆಕೆಂಡು ಕ್ರ್ಯಾಂಕ್. ಟರ್ಬೊಗಳ ಎಣ್ಣೆ ಪೈಪಿಗೆ ಮೊದಲೇ ಎಣ್ಣೆ ತುಂಬಿರಬೇಕು. ಆಮೇಲೆ ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ +ಬಿ ಮತ್ತು ಎಫ್‌ಪಿ ತುದಿಗಳನ್ನು ಒಂದು ವಯರಿನಿಂದ ಸೇರಿಸಿದರೆ ಪಂಪು ಓಡುತ್ತದೆ. ಪೆಟ್ರೋಲ್ ಎಲ್ಲಿಯಾದರೂ ಸೋರುತ್ತಿದೆಯಾ, ಎಂಜಿನ್ ಬಿಸಿಯಾಗುವ ಮೊದಲೇ ನೋಡಿಬಿಡಿ.

ಕೀ ತಿರುಗಿಸಿದಾಗ ಒಂದು ಸೆಕೆಂಡು ಹತ್ತಿಕೊಂಡು ಆರಿತು. ಮತ್ತೆ ತಿರುಗಿಸಿದರೂ ಅಷ್ಟೇ. ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಎಂಜಿನ್ ಓಡುತ್ತಾ ಉಳಿಯುತ್ತಿಲ್ಲ. ಅದೇ ಪೆಟ್ಟಿಗೆಯ ಟಿಇ1 ಮತ್ತು ಇ1 ತುದಿ ಸೇರಿಸಿ ಚೆಕ್ ಲೈಟಿನ ಮಿಣುಕು ಎಣಿಸಿದರೆ ಒಂದು, ತಡೆದು ನಾಲ್ಕು: ಕೋಡ್ 14. ಕಿಡಿ ಹಾರಿತು ಅಂತ ಇಗ್ನೈಟರ್ ಪ್ರತಿ ಸಲ ಇಸಿಯುಗೆ ಐಜಿಎಫ್ ಎಂಬ ಮರುಸಂಕೇತ ಕಳಿಸಬೇಕು. ಅದು ಬಾರದಿದ್ದರೆ ಕಿಡಿಯಿಲ್ಲವೆಂದು ತಿಳಿದು, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗದಿರಲಿ ಅಂತ ಇಸಿಯು ಇಂಜೆಕ್ಟರುಗಳನ್ನೇ ಮುಚ್ಚುತ್ತದೆ. ಆಗಲೇ ಹೇಳಿದ ಪಟ್ಟಿ ತೆಗೆದು ಹಿಂದಕ್ಕೆ ಹೋದರೆ, ಆ ಒಂದು ವಯರಿನ ಪಿನ್ನು ಪ್ಲಗ್ಗಿನೊಳಗೆ ಲಾಕ್ ಆಗದೆ ಹಿಂದೆ ಸರಿದಿತ್ತು. ಪಟ್ಟಿ ಇದ್ದದ್ದರಿಂದ ಇಪ್ಪತ್ತು ನಿಮಿಷ, ಇಲ್ಲದಿದ್ದರೆ ವಾರ. ಇದೇ ಲೆಕ್ಕದಲ್ಲಿ 12 ಮತ್ತು 13 ಬಂದರೆ ಆರ್‌ಪಿಎಂ ಸಂಕೇತ, 22 ನೀರಿನ ತಾಪ, 31 ಮ್ಯಾಪ್ ಸೆನ್ಸರ್, 41 ಥ್ರಾಟಲ್ ಸೆನ್ಸರ್, 52 ನಾಕ್ (ಸಿಲಿಂಡರಿನೊಳಗಿನ ಬಡಿತ) ಸೆನ್ಸರ್. ನಾಕ್ ಸೆನ್ಸರನ್ನು ಇನ್‌ಟೇಕ್ ಬಿಚ್ಚಿದ್ದಾಗಲೇ ನೋಡಿಕೊಂಡಿರಬೇಕು, ಆಮೇಲೆ ಕೈ ಹೋಗುವುದಿಲ್ಲ.

ಓಡಲು ಶುರುವಾದ ಮೇಲೆ ಅದೇ ಟಿಇ1-ಇ1 ಸೇರಿಸಿ ಟೈಮಿಂಗ್ ಲೈಟಿನಿಂದ ಕಿಡಿ ಹಾರುವ ಕೋನ 10 ಡಿಗ್ರಿ ಬರುತ್ತದೆಯಾ ನೋಡಿ. ಐಡಲ್ ಏರಿದ್ದು, ಪೆಟ್ರೋಲ್ ವಾಸನೆ ಹೊಡೆದರೆ ಮೊದಲು ವ್ಯಾಕ್ಯೂಮ್ ಹೋಸುಗಳನ್ನು ಅನುಮಾನಿಸಿ. ಮ್ಯಾಪ್ ಸೆನ್ಸರಿನ ಎಂಜಿನ್ನಿನಲ್ಲಿ ಗಾಳಿ ಸೋರಿದರೆ ಇಸಿಯು ಅದನ್ನು ಭಾರ ಎಂದು ತಿಳಿದು ಪೆಟ್ರೋಲ್ ಹೆಚ್ಚಿಸುತ್ತದೆ.

ರಸ್ತೆಗಿಳಿದ ಮೇಲೆ ಬಂದ ದೊಡ್ಡ ತಕರಾರು ಶಕ್ತಿಯದ್ದಲ್ಲ, ಸದ್ದಿನದ್ದು. ಟರ್ಬೊದ ಹಿಂದೆ 76 ಮಿ.ಮೀ. ಪೈಪು ಹಾಕಿದ್ದರಿಂದ ಹೆದ್ದಾರಿ ವೇಗದಲ್ಲಿ, 2200 ಆರ್‌ಪಿಎಂ ಸುತ್ತಮುತ್ತ, ಕಿವಿಯೊಳಗೆ ಗುಂಯ್ ಅನ್ನುವ ಮೊರೆತ. ಆರು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಸಿಡಿಯುತ್ತದೆ, 2200ಕ್ಕೆ ಸೆಕೆಂಡಿಗೆ 110. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 480 ಮೀಟರ್ ಹತ್ತಿರ. 480ನ್ನು 110ರ ನಾಲ್ಕು ಪಟ್ಟಿನಿಂದ ಭಾಗಿಸಿದರೆ 1.09 ಮೀಟರ್. ಅಷ್ಟುದ್ದದ, ಒಂದು ತುದಿ ಮುಚ್ಚಿದ ಪೈಪನ್ನು ಎಕ್ಸಾಸ್ಟಿಗೆ ಕವಲಾಗಿ ಬೆಸೆದರೆ ಆ ಸದ್ದು ಮರಳಿ ಬಂದು ತನ್ನನ್ನೇ ಕೊಲ್ಲುತ್ತದೆ. ಮೊರೆತ ಪೂರ್ತಿ ಹೋಯಿತು ಎನ್ನಲಾರೆ, ಆದರೆ ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ. ಮತ್ತೆ ಮಾಡುವುದಾದರೆ 63 ಮಿ.ಮೀ. ಪೈಪು, ಎರಡು ಮಫ್ಲರ್. ಇನ್ನೊಂದು ಕಾರಣವೂ ಇದೆ: ಎಕ್ಸಾಸ್ಟ್ ತುಂಬ ಬಿಡುವಾದರೆ ಬೂಸ್ಟ್ ತಾನಾಗಿ ಏರಿ, ಇಸಿಯು ಪೆಟ್ರೋಲ್ ಕತ್ತರಿಸಿ ಗಾಡಿ ಮುಗ್ಗರಿಸುತ್ತದೆ. ಸೆರಾಮಿಕ್ ಚಕ್ರಗಳಿಗೂ ಅದು ಕ್ಷೇಮವಲ್ಲ. ಕಾರ್ಖಾನೆಯ 0.7 ಬಾರ್ ಸುತ್ತ ಇಟ್ಟುಕೊಂಡು, 95 ಆಕ್ಟೇನಿಗಿಂತ ಕಡಿಮೆ ಪೆಟ್ರೋಲ್ ಹಾಕದಿರುವುದೇ ಜಾಣತನ.

ಬ್ರೇಕಿನ ಮಾತು ಚಿಕ್ಕದು. 100ರಲ್ಲಿ ಹೋಗುತ್ತಿದ್ದ ಗಾಡಿ ಈಗ ಗೊತ್ತಾಗದಂತೆ 140 ಮುಟ್ಟುತ್ತದೆ, ನಿಲ್ಲಿಸಬೇಕಾದ ಚಲನಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಹೊಸ ರೋಟರು, ಒಳ್ಳೆಯ ಪ್ಯಾಡು, ಹೊಸ ರಬ್ಬರ್ ಹೋಸು, ಹೊಸ ಬ್ರೇಕ್ ಎಣ್ಣೆ ಇವಿಷ್ಟು ಕನಿಷ್ಠ. ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಹೋಸಿನ ಒನ್‌ವೇ ವಾಲ್ವ್ ಕೆಲಸ ಮಾಡುತ್ತಿದೆಯಾ ಊದಿ ನೋಡಿ. ಅದು ಕೆಟ್ಟಿದ್ದರೆ ಟರ್ಬೊ ಒತ್ತಡ ಬ್ರೇಕ್ ಬೂಸ್ಟರಿಗೇ ನುಗ್ಗುತ್ತದೆ.

ಮೊದಲ 500 ಕಿ.ಮೀ. ಆದ ಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ, ಮೌಂಟು ಮತ್ತು ಎಕ್ಸಾಸ್ಟ್ ಬೋಲ್ಟುಗಳನ್ನು ಮತ್ತೆ ಬಿಗಿದದ್ದಾಯಿತು. ಎರಡು ನಟ್ಟು ಸಡಿಲಾಗಿದ್ದವು. ತಪಾಸಣೆಯಲ್ಲಿ ನೋಡಿದ್ದು ಎಂಜಿನ್ ನಂಬರು, ಹೊಗೆಯ ಅಂಕಿ, ಪೆಟ್ರೋಲ್ ಪೈಪಿನ ಕಟ್ಟು, ಬ್ಯಾಟರಿಯ ಹಿಡಿ. ನಂಬರು ಇರುವ ಜಾಗ ಹೋಸುಗಳ ಹಿಂದೆ ಅಡಗಿದ್ದರಿಂದ ಕನ್ನಡಿ, ಟಾರ್ಚು ಹಿಡಿದು ತೋರಿಸಬೇಕಾಯಿತು. ಎಂಜಿನ್ ಕೂರಿಸುವ ಮೊದಲೇ ಅಲ್ಲಿ ತುಕ್ಕು ಉಜ್ಜಿ ಪಾರದರ್ಶಕ ಲ್ಯಾಕರ್ ಹಚ್ಚಿಡಿ. ಅಂಕಿಗಳನ್ನು ಮಾತ್ರ ಎಮರಿಯಿಂದ ಉಜ್ಜಬೇಡಿ, ತಿದ್ದಿದಂತೆ ಕಂಡರೆ ಬೇರೆಯೇ ತನಿಖೆ ಶುರುವಾಗುತ್ತದೆ.

ಹಳೇ 7ಎಂ ಇನ್ನೂ ಮೂಲೆಯಲ್ಲಿದೆ, ಪ್ಲಗ್ ರಂಧ್ರಗಳಿಗೆ ಎಣ್ಣೆ ಬಿಟ್ಟು, ಇನ್‌ಟೇಕಿಗೆ ಬಟ್ಟೆ ತುರುಕಿ ಇಟ್ಟದ್ದು. ಕೊಳ್ಳುವವರು ಎರಡನೇ ತಿಂಗಳಲ್ಲೇ ಬಂದಿದ್ದರು. ಕೊಡದಿದ್ದದ್ದು ಒಳ್ಳೆಯದಾಯಿತು. ಅದರ ನಂಬರಿನ ಫೋಟೋ, ಅದು ಬೇರೆ ಗಾಡಿಗೆ ಹೋಗಿಲ್ಲ ಅನ್ನುವ ಘೋಷಣೆ, ಎರಡನ್ನೂ ತಪಾಸಣೆಯ ದಿನ ಒಮ್ಮೆ, ಪತ್ರ ಕೊಡುವ ದಿನ ಇನ್ನೊಮ್ಮೆ ಕೇಳಿದರು.